ಆರು ತಿಂಗಳಿಂದ ಮೀನೆಣ್ಣೆ ಕ್ಯಾಪ್ಸೂಲ್ ತಗೊಳ್ಳುತ್ತಿದ್ದೇನೆ, ಟ್ರೈಗ್ಲಿಸರೈಡ್ ಇಳಿದೇ ಇಲ್ಲ. ಯಾಕೆ?

ಮಳೆಬಿಲ್ಲು:
ಎಲ್ಲರಿಗೂ ನಮಸ್ಕಾರ. ನನಗೆ 46 ವರ್ಷ. ಆರು ತಿಂಗಳ ಹಿಂದೆ ರಕ್ತ ಪರೀಕ್ಷೆ ಮಾಡಿಸಿದಾಗ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಕೊಬ್ಬು, 372 ಬಂತು. ಮೀನೆಣ್ಣೆ ಕ್ಯಾಪ್ಸೂಲ್ ತಗೊಂಡರೆ ಇಳಿಯುತ್ತದೆ ಎಂದು ಗೊತ್ತಿದ್ದವರೊಬ್ಬರು ಹೇಳಿದರು. ಅವತ್ತಿನಿಂದ ದಿನಕ್ಕೊಂದು ತಪ್ಪದೆ ನುಂಗುತ್ತಿದ್ದೇನೆ. ಡಬ್ಬಿಯ ಮೇಲೆ ದೊಡ್ಡದಾಗಿ 1000 ಮಿ.ಗ್ರಾಂ. ಎಂದಿದೆ. ಮೊನ್ನೆ ಮತ್ತೆ ಪರೀಕ್ಷೆ ಮಾಡಿಸಿದೆ. ಒಟ್ಟು ಕೊಲೆಸ್ಟ್ರಾಲ್ 231, ಒಳ್ಳೆಯ ಕೊಲೆಸ್ಟ್ರಾಲ್ ಎಚ್‌ಡಿಎಲ್ 36, ಕೆಟ್ಟ ಕೊಲೆಸ್ಟ್ರಾಲ್ ಎಲ್‌ಡಿಎಲ್ 119, ಟ್ರೈಗ್ಲಿಸರೈಡ್ 381. ಇಳಿಯೋದಿರಲಿ, ಒಂಬತ್ತು ಏರಿದೆ. ಮನಸ್ಸಿಗೆ ತುಂಬಾ ಬೇಜಾರಾಯಿತು. ಕ್ಯಾಪ್ಸೂಲ್ ಸರಿ ಇಲ್ವಾ, ಇಲ್ಲಾ ನನ್ನ ದೇಹಕ್ಕೇ ಒಗ್ಗೋದಿಲ್ವಾ? ತಿಳಿದವರು ದಯವಿಟ್ಟು ಹೇಳಿ.

ನಡಿಗೆಪ್ರಿಯ:
ಮಳೆಬಿಲ್ಲು ಅವರೇ, ಧೈರ್ಯ ಕಳೆದುಕೊಳ್ಳಬೇಡಿ. ನನಗೆ ಕೆಲಸ ಮಾಡಿದೆ. 210 ಇದ್ದದ್ದು ನಾಲ್ಕು ತಿಂಗಳಲ್ಲಿ 145ಕ್ಕೆ ಬಂತು. ನಾನೂ ದಿನಕ್ಕೆ ಒಂದೇ ತಗೊಂಡೆ. ಅದೇ ಹೊತ್ತಿಗೆ ಕುಡಿಯುವುದನ್ನೂ ಬಿಟ್ಟೆ, ಬೆಳಿಗ್ಗೆ ಒಂದು ಗಂಟೆ ನಡೆಯಲು ಶುರು ಮಾಡಿದೆ. ಕಂಪನಿ ಬದಲಾಯಿಸಿ ನೋಡಿ.

ಔಷಧದಂಗಡಿ:
ನಾನು ಇಪ್ಪತ್ತೆರಡು ವರ್ಷದಿಂದ ಔಷಧದ ಅಂಗಡಿಯಲ್ಲಿದ್ದೇನೆ. ಈ ಪ್ರಶ್ನೆ ವಾರಕ್ಕೆರಡು ಸಲ ಬರುತ್ತದೆ. ಮೇಡಂ, ಒಂದು ಕೆಲಸ ಮಾಡಿ. ಡಬ್ಬಿಯನ್ನು ಹಿಂದಕ್ಕೆ ತಿರುಗಿಸಿ. ಅಲ್ಲಿ ಸಣ್ಣ ಅಕ್ಷರದಲ್ಲಿ ಇಪಿಎ ಎಷ್ಟು, ಡಿಎಚ್‌ಎ ಎಷ್ಟು ಎಂದು ಇರುತ್ತದೆ. ಅವೆರಡನ್ನೂ ಇಲ್ಲಿ ಬರೆಯಿರಿ.

ನಡಿಗೆಪ್ರಿಯ ಸರ್, ನಿಮ್ಮ ಅಂಕಿ ಇಳಿದದ್ದು ಸಂತೋಷ. ಆದರೆ ಅದರ ಯಶಸ್ಸು ಕ್ಯಾಪ್ಸೂಲಿಗಿಂತ ನಿಮಗೇ ಸೇರಬೇಕು. ಕುಡಿತ ಬಿಟ್ಟರೆ ಟ್ರೈಗ್ಲಿಸರೈಡ್ ಕೆಲವೇ ವಾರಗಳಲ್ಲಿ ಇಳಿಯುವುದುಂಟು.

ಮಳೆಬಿಲ್ಲು:
ನೋಡಿದೆ. ಇಪಿಎ 180 ಮಿ.ಗ್ರಾಂ., ಡಿಎಚ್‌ಎ 120 ಮಿ.ಗ್ರಾಂ. ಹಾಗಾದರೆ 1000 ಅಂದರೇನು?

ಔಷಧದಂಗಡಿ:
1000 ಅನ್ನೋದು ಒಳಗಿರುವ ಎಣ್ಣೆಯ ತೂಕ. ಟ್ರೈಗ್ಲಿಸರೈಡ್ ಇಳಿಸುವ ಕೆಲಸ ಮಾಡುವುದು ಅದರಲ್ಲಿನ ಇಪಿಎ ಮತ್ತು ಡಿಎಚ್‌ಎ ಎಂಬ ಒಮೆಗಾ-3 ಕೊಬ್ಬುಗಳು ಮಾತ್ರ. ನಿಮ್ಮ ಕ್ಯಾಪ್ಸೂಲಿನಲ್ಲಿ ಅವೆರಡೂ ಸೇರಿ 300 ಮಿ.ಗ್ರಾಂ. ಉಳಿದ 700 ಬೇರೆ ಕೊಬ್ಬು. ಇದರಲ್ಲಿ ಮೋಸವೇನೂ ಇಲ್ಲ, ಸಾಮಾನ್ಯ ಮೀನೆಣ್ಣೆ ಕ್ಯಾಪ್ಸೂಲ್ ಇರುವುದೇ ಹಾಗೆ. ಆದರೆ ಮುಂದಿನ ದೊಡ್ಡ ಅಕ್ಷರ ಓದಿ, ಹಿಂದಿನ ಸಣ್ಣ ಅಕ್ಷರ ಓದದೆ ಎಷ್ಟು ಜನ ವರ್ಷಗಟ್ಟಲೆ ನುಂಗುತ್ತಾರೆ ಅಂದರೆ ನನಗೆ ಸಂಕಟವಾಗುತ್ತದೆ.

ಟ್ರೈಗ್ಲಿಸರೈಡಿಗೆ ಚಿಕಿತ್ಸೆಯಾಗಿ ವೈದ್ಯರು ಕೊಡುವ ಪ್ರಮಾಣ ದಿನಕ್ಕೆ 4 ಗ್ರಾಂ. ಅದೂ ಅಂಗಡಿಯ ಪೂರಕವಲ್ಲ, ಚೀಟಿ ಮೇಲೆ ಸಿಗುವ ಶುದ್ಧೀಕರಿಸಿದ ಒಮೆಗಾ-3. ಅದರ ಒಂದು ಗ್ರಾಂ ಕ್ಯಾಪ್ಸೂಲಿನಲ್ಲಿ ಇಪಿಎ, ಡಿಎಚ್‌ಎ ಸೇರಿ ಸುಮಾರು 840 ಮಿ.ಗ್ರಾಂ. ಇರುತ್ತದೆ. ನಾಲ್ಕು ಕ್ಯಾಪ್ಸೂಲಿಗೆ 3360. ನೀವು ಅಷ್ಟನ್ನು ನಿಮ್ಮ ಡಬ್ಬಿಯಿಂದ ಪಡೆಯಬೇಕಾದರೆ ದಿನಕ್ಕೆ ಸುಮಾರು ಹನ್ನೊಂದು ಬೇಕು. ನೀವು ತಗೊಂಡದ್ದು ಒಂದು. ನಿಮ್ಮ ದೇಹದ ತಪ್ಪೇನೂ ಇಲ್ಲ, ಮೇಡಂ.

ಮಳೆಬಿಲ್ಲು:
ಹನ್ನೊಂದಾ! ಹಾಗಾದರೆ ಜಾಸ್ತಿ ಮಾಡಲಾ? ನಾಲ್ಕೈದರಿಂದ ಶುರು ಮಾಡಬಹುದಾ?

ಔಷಧದಂಗಡಿ:
ಬೇಡ. ದಯವಿಟ್ಟು ಬೇಡ. ಆ ಪ್ರಮಾಣಕ್ಕೆ ಹೋದರೆ ಅದು ಪೂರಕವಲ್ಲ, ಔಷಧ. ಔಷಧ ಅಂದ ಮೇಲೆ ಅಡ್ಡ ಪರಿಣಾಮವೂ ಇರುತ್ತದೆ, ನೋಡಿಕೊಳ್ಳುವವರೂ ಬೇಕು.

ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ ಇದೆ. 380 ಯಾಕೆ ಬಂತು? ಟ್ರೈಗ್ಲಿಸರೈಡ್ ಅಂದರೆ ರಕ್ತದಲ್ಲಿ ಓಡಾಡುವ ಕೊಬ್ಬು. 150ರ ಒಳಗಿದ್ದರೆ ಸರಿ. 150ರಿಂದ 199 ಗಡಿ. 200ರಿಂದ 499 ಹೆಚ್ಚು. 500 ದಾಟಿದರೆ ಬಹಳ ಹೆಚ್ಚು. ಲಿವರ್ ತನಗೆ ಬಂದ ಹೆಚ್ಚುವರಿ ಸಕ್ಕರೆ, ಆಲ್ಕೋಹಾಲ್, ಕೊಬ್ಬು ಎಲ್ಲವನ್ನೂ ಟ್ರೈಗ್ಲಿಸರೈಡ್ ಮಾಡಿ ವಿಎಲ್‌ಡಿಎಲ್ ಎಂಬ ಕಣಗಳಲ್ಲಿ ತುಂಬಿ ರಕ್ತಕ್ಕೆ ಬಿಡುತ್ತದೆ. ಒಮೆಗಾ-3 ಜಾಸ್ತಿ ಪ್ರಮಾಣದಲ್ಲಿ ಹೋದಾಗ ಲಿವರ್ ಈ ತುಂಬುವ ಕೆಲಸವನ್ನು ಕಡಿಮೆ ಮಾಡುತ್ತದೆ. ಅದೇ ಅದರ ಮುಖ್ಯ ಕೆಲಸ. ಹಿಂದಿನಿಂದ ಸಕ್ಕರೆ ಕಾಯಿಲೆಯೋ ಥೈರಾಯ್ಡ್ ಕೊರತೆಯೋ ತಳ್ಳುತ್ತಿದ್ದರೆ ಎಣ್ಣೆ ಒಂದೇ ಎಷ್ಟು ತಡೆಯುತ್ತದೆ? ಕಿಡ್ನಿ ತೊಂದರೆ, ಸ್ಟೀರಾಯ್ಡ್ ಮಾತ್ರೆ, ಈಸ್ಟ್ರೋಜನ್ ಮಾತ್ರೆ, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್, ಕೆಲವು ಬಿಪಿ ಮಾತ್ರೆಗಳು, ಇವೂ ಏರಿಸುತ್ತವೆ. ನಿಮಗೆ ಸಕ್ಕರೆ, ಥೈರಾಯ್ಡ್ ಪರೀಕ್ಷೆ ಆಗಿದೆಯಾ?

ಮಳೆಬಿಲ್ಲು:
ಥೈರಾಯ್ಡ್ ಹೋದ ವರ್ಷ ಸರಿ ಇತ್ತು. ಸಕ್ಕರೆ ನೋಡಿಸಿ ನಾಲ್ಕು ವರ್ಷ ಆಗಿರಬೇಕು. ನಾಳೆಯೇ ವೈದ್ಯರ ಹತ್ತಿರ ಹೋಗುತ್ತೇನೆ.

ಲ್ಯಾಬ್‌ನವಳು:
ಒಂದು ಮಾತು ಸೇರಿಸುತ್ತೇನೆ, ನಾನು ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು. 372 ಮತ್ತು 381ರ ನಡುವೆ ವ್ಯತ್ಯಾಸವೇ ಇಲ್ಲ ಎಂದುಕೊಳ್ಳಿ ಅಕ್ಕ. ಟ್ರೈಗ್ಲಿಸರೈಡ್ ದಿನದಿಂದ ದಿನಕ್ಕೆ ತುಂಬಾ ಅಲ್ಲಾಡುವ ಅಂಕಿ. ಒಬ್ಬರದೇ ರಕ್ತವನ್ನು ಎರಡು ಬೇರೆ ದಿನ ನೋಡಿದರೆ ಶೇಕಡಾ 20ರಷ್ಟು ಹೆಚ್ಚುಕಮ್ಮಿ ಬರಬಹುದು. ಹಿಂದಿನ ರಾತ್ರಿ ಕುಡಿದಿದ್ದರೆ, ಊಟವಾಗಿ ಸ್ವಲ್ಪ ಹೊತ್ತಿಗೇ ಬಂದರೆ ಇನ್ನೂ ಹೆಚ್ಚು. 9ರಿಂದ 12 ಗಂಟೆ ಖಾಲಿ ಹೊಟ್ಟೆಯಲ್ಲಿದ್ದು ಕೊಡಿ. ನೀರು ಕುಡಿಯಬಹುದು. ಪ್ರತಿ ಸಲವೂ ಅದೇ ರೀತಿ ಕೊಟ್ಟರೆ ಹೋಲಿಸಲು ಅನುಕೂಲ.

ಸಾಲುದೀಪ:
ಇದೇ ವಿಷಯ ಇರುವುದರಿಂದ ಇಲ್ಲೇ ಕೇಳುತ್ತೇನೆ. ನನಗೆ 39. ಆಫೀಸಿನ ತಪಾಸಣೆಯಲ್ಲಿ ಟ್ರೈಗ್ಲಿಸರೈಡ್ 1140 ಬಂದಿದೆ. ಎಲ್‌ಡಿಎಲ್ ಜಾಗದಲ್ಲಿ ಅಂಕಿಯೇ ಇಲ್ಲ, ಗೆರೆ ಎಳೆದಿದ್ದಾರೆ. ಯಾವ ತೊಂದರೆಯೂ ಇಲ್ಲ, ಆರಾಮಾಗಿದ್ದೇನೆ. ಮೂರು ತಿಂಗಳು ಮೀನೆಣ್ಣೆ ತಗೊಂಡು ಆಮೇಲೆ ನೋಡೋಣ ಅಂತಿದ್ದೆ. ಈಗ ಇದನ್ನೆಲ್ಲ ಓದಿ ಗೊಂದಲವಾಗಿದೆ.

ಲ್ಯಾಬ್‌ನವಳು:
ಅಣ್ಣ, ಮೂರು ತಿಂಗಳು ಕಾಯಬೇಡಿ. ಈ ವಾರವೇ ವೈದ್ಯರನ್ನು ಕಾಣಿ.

ಎಲ್‌ಡಿಎಲ್ ಯಾಕೆ ಇಲ್ಲ ಅಂದರೆ, ತುಂಬಾ ಕಡೆ ಅದನ್ನು ಅಳೆಯುವುದಿಲ್ಲ, ಲೆಕ್ಕ ಹಾಕುತ್ತಾರೆ. 1972ರ ಫ್ರೀಡ್‌ವಾಲ್ಡ್ ಸೂತ್ರ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆದು, ಟ್ರೈಗ್ಲಿಸರೈಡಿನ ಐದನೇ ಒಂದು ಭಾಗವನ್ನೂ ಕಳೆಯುವುದು. ಟ್ರೈಗ್ಲಿಸರೈಡ್ 400 ದಾಟಿದರೆ ಈ ಲೆಕ್ಕ ನಂಬುವ ಹಾಗಿಲ್ಲ. ಅದಕ್ಕೇ ಗೆರೆ.

ನಿಮ್ಮಂಥ ರಕ್ತ ನಮ್ಮ ಕೈಗೆ ಬಂದಾಗ ಅಂಕಿ ನೋಡುವ ಮೊದಲೇ ಗೊತ್ತಾಗುತ್ತದೆ. ಸಾಮಾನ್ಯವಾಗಿ ರಕ್ತವನ್ನು ಯಂತ್ರದಲ್ಲಿ ತಿರುಗಿಸಿದ ಮೇಲೆ ಮೇಲೆ ನಿಲ್ಲುವ ದ್ರವ ತಿಳಿ ಹಳದಿ. ಟ್ಯೂಬಿನ ಹಿಂದೆ ಬೆರಳಿಟ್ಟರೆ ಬೆರಳು ಕಾಣುತ್ತದೆ. ಇಂಥದ್ದರಲ್ಲಿ ಅದು ಹಾಲಿನ ಹಾಗೆ ಬೆಳ್ಳಗಿರುತ್ತದೆ. ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ಮೇಲೆ ಕೆನೆ ಕಟ್ಟಿರುವುದೂ ಉಂಟು. ಅಷ್ಟು ಕೊಬ್ಬು ನಿಮ್ಮ ರಕ್ತನಾಳದಲ್ಲಿ ಓಡಾಡುತ್ತಿದೆ.

ಎರಡನೇಜನ್ಮ:
ಸಾಲುದೀಪ ಅವರೇ, ನಾನು ನಿಮ್ಮ ಹಾಗೇ ಆರಾಮಾಗಿದ್ದವನು. ನನ್ನ ಅಂಕಿ 2000ದ ಮೇಲಿತ್ತು, ಆದರೆ ನನಗೆ ಗೊತ್ತೇ ಇರಲಿಲ್ಲ. ಒಂದು ಭಾನುವಾರ ರಾತ್ರಿ ಹೊಟ್ಟೆಯ ಮೇಲ್ಭಾಗದಲ್ಲಿ ನೋವು ಶುರುವಾಯಿತು. ಗ್ಯಾಸ್ ಎಂದುಕೊಂಡೆ. ಅರ್ಧ ಗಂಟೆಯಲ್ಲಿ ಅದು ಬೆನ್ನಿಗೆ ತೂರಿಕೊಂಡು ಹೋದ ಹಾಗಾಯಿತು. ಮಲಗಲು ಆಗುತ್ತಿರಲಿಲ್ಲ. ಮುಂದಕ್ಕೆ ಬಗ್ಗಿ, ಮಂಡಿ ಹಿಡಿದು ಕೂತರೆ ಮಾತ್ರ ಸ್ವಲ್ಪ ತಡೆಯಬಹುದಿತ್ತು. ವಾಂತಿ ನಿಲ್ಲಲಿಲ್ಲ. ಆಸ್ಪತ್ರೆಯಲ್ಲಿ ನರ್ಸ್ ರಕ್ತ ತೆಗೆದು ಟ್ಯೂಬನ್ನು ಬೆಳಕಿಗೆ ಹಿಡಿದು ನೋಡಿದರು. ಏನೂ ಮಾತಾಡದೆ ಡಾಕ್ಟರನ್ನು ಕರೆಯಲು ಓಡಿದರು. ಆ ಮುಖ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮೇದೋಜೀರಕ ಗ್ರಂಥಿಯ ಉರಿಯೂತ, ಪ್ಯಾಂಕ್ರಿಯಾಟೈಟಿಸ್. ಹನ್ನೊಂದು ದಿನ ಆಸ್ಪತ್ರೆ, ಅದರಲ್ಲಿ ನಾಲ್ಕು ದಿನ ಐಸಿಯು. ಟ್ರೈಗ್ಲಿಸರೈಡ್ 500 ದಾಟಿದಾಗಲೇ ಈ ಅಪಾಯ ಲೆಕ್ಕಕ್ಕೆ ಬರುತ್ತದೆ, 1000 ದಾಟಿದರೆ ತುಂಬಾ ಹೆಚ್ಚು ಎಂದು ಆಮೇಲೆ ತಿಳಿಯಿತು. ನಿಮಗೆ ನೋವಿಲ್ಲ ಅನ್ನುವುದನ್ನು ಧೈರ್ಯ ಎಂದುಕೊಳ್ಳಬೇಡಿ. ನಾಳೆ ಹೋಗಿ. ಕುಡಿಯುವ ಅಭ್ಯಾಸವಿದ್ದರೆ ಇವತ್ತೇ ನಿಲ್ಲಿಸಿ. ಅಂಥ ನೋವೇನಾದರೂ ಬಂದರೆ ಅವತ್ತೇ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ಸಾಲುದೀಪ:
ಓದಿ ಕೈ ನಡುಗಿತು. ವಾರಾಂತ್ಯದಲ್ಲಿ ಕುಡಿಯುತ್ತೇನೆ, ಸುಳ್ಳು ಹೇಳುವುದಿಲ್ಲ. ನಾಳೆ ಬೆಳಿಗ್ಗೆಗೆ ಸಮಯ ತಗೊಂಡಿದ್ದೇನೆ. ಇಬ್ಬರಿಗೂ ಧನ್ಯವಾದ.

ಹಸಿರೆಲೆ:
ನಾನು ಸಸ್ಯಾಹಾರಿ. ಮೀನೆಣ್ಣೆ ಆಗುವುದಿಲ್ಲ. ಅಗಸೆ ಬೀಜದಲ್ಲಿ ಒಮೆಗಾ-3 ಇದೆ ಅಂತಾರಲ್ಲ, ಅದು ಸಾಕಾಗುತ್ತಾ? ನನ್ನದು 260.

ಔಷಧದಂಗಡಿ:
ಅಗಸೆಯಲ್ಲಿರುವುದು ಎಎಲ್‌ಎ ಎಂಬ ಬೇರೆ ಒಮೆಗಾ-3. ದೇಹ ಅದನ್ನು ಇಪಿಎ ಆಗಿ ಬದಲಾಯಿಸುವುದು ತೀರಾ ಕಡಿಮೆ, ಡಿಎಚ್‌ಎ ಆಗಿ ಇನ್ನೂ ಕಡಿಮೆ. ಅಗಸೆ ಒಳ್ಳೆಯ ಆಹಾರ, ತಿನ್ನಿ. ಟ್ರೈಗ್ಲಿಸರೈಡಿಗೆ ಅದು ಔಷಧವಲ್ಲ. ಪಾಚಿಯಿಂದ ತೆಗೆದ ಎಣ್ಣೆ ಸಿಗುತ್ತದೆ, ಅದರಲ್ಲಿ ಡಿಎಚ್‌ಎ ನೇರವಾಗಿ ಇರುತ್ತದೆ. ಮೀನಿಗೂ ಒಮೆಗಾ-3 ಬರುವುದು ಪಾಚಿಯಿಂದಲೇ ಅಲ್ವಾ! ಅದರಲ್ಲೂ ಹಿಂದಿನ ಸಣ್ಣ ಅಕ್ಷರ ಓದಿಯೇ ಲೆಕ್ಕ ಹಾಕಬೇಕು. ಆದರೆ 260ಕ್ಕೆ ಮೊದಲ ಮದ್ದು ತೂಕ. ತೂಕ ಜಾಸ್ತಿ ಇದ್ದವರು ಶೇಕಡಾ 5ರಿಂದ 10 ಇಳಿಸಿದರೆ ಟ್ರೈಗ್ಲಿಸರೈಡ್ ಶೇಕಡಾ 20ರಷ್ಟು ಇಳಿಯಬಹುದು. ಸಿಹಿ ಪಾನೀಯ, ಹಣ್ಣಿನ ರಸವನ್ನೂ ಬಿಡಿ. ನಾಲ್ಕು ಗ್ರಾಂ ಔಷಧ ಮಾಡುವ ಕೆಲಸವೂ ಹೆಚ್ಚುಕಡಿಮೆ ಅಷ್ಟೇ. ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2019ರಲ್ಲಿ ಕೊಟ್ಟ ಲೆಕ್ಕ ಶೇಕಡಾ 20ರಿಂದ 30.

ಇನ್ನೊಂದು ಎಚ್ಚರ. ಕಾಡ್ ಮೀನಿನ ಲಿವರ್ ಎಣ್ಣೆಯನ್ನೂ ಮೀನೆಣ್ಣೆಯನ್ನೂ ಒಂದೇ ಎಂದುಕೊಂಡು ಹೆಚ್ಚು ಹೆಚ್ಚು ತಗೊಳ್ಳುವವರಿದ್ದಾರೆ. ಲಿವರ್ ಎಣ್ಣೆಯಲ್ಲಿ ವಿಟಮಿನ್ ಎ ಮತ್ತು ಡಿ ಇರುತ್ತವೆ. ಒಮೆಗಾ-3 ಸಿಗಲಿ ಎಂದು ಅದನ್ನು ಹೆಚ್ಚಿಸಿದರೆ ವಿಟಮಿನ್ ಎ ವಿಷವಾಗಬಹುದು. ಗರ್ಭಿಣಿಯರಂತೂ ಮುಟ್ಟಲೇಬಾರದು.

ನಡಿಗೆಪ್ರಿಯ:
ಎಲ್ಲ ಸರಿ. ಆದರೆ ಮೀನೆಣ್ಣೆ ಹೃದಯಕ್ಕೆ ಒಳ್ಳೆಯದು ಅಂತ ಎಷ್ಟು ವರ್ಷದಿಂದ ಕೇಳುತ್ತಿದ್ದೇವೆ. ಟ್ರೈಗ್ಲಿಸರೈಡ್ ಇಳಿಯದಿದ್ದರೂ ಹಾರ್ಟ್ ಅಟ್ಯಾಕ್ ತಪ್ಪಿಸುತ್ತದೆ ಅಲ್ವಾ?

ಓದುಬರಹ:
ಈ ಮಾತಿನ ಬೇರು ಗ್ರೀನ್‌ಲ್ಯಾಂಡಿನಲ್ಲಿದೆ ಸರ್. 1970ರ ದಶಕದಲ್ಲಿ ಡೆನ್ಮಾರ್ಕಿನ ಸಂಶೋಧಕರಾದ ಬ್ಯಾಂಗ್ ಮತ್ತು ಡೈರ್‌ಬರ್ಗ್ ಅಲ್ಲಿನ ಇನ್ಯೂಟ್ ಜನರ ರಕ್ತದ ಕೊಬ್ಬನ್ನು ಪರೀಕ್ಷಿಸಿದರು. ಸಮುದ್ರದ ಆಹಾರವನ್ನೇ ತಿನ್ನುವ ಅವರಲ್ಲಿ ಟ್ರೈಗ್ಲಿಸರೈಡ್ ಕಡಿಮೆ ಇತ್ತು. ಅಲ್ಲಿಂದ ಮೀನೆಣ್ಣೆಯ ಹೆಸರು ಬೆಳೆಯಿತು.

ಆಮೇಲೆ ದೊಡ್ಡ ಪರೀಕ್ಷೆಗಳು ನಡೆದವು. ವೈಟಲ್ ಅಧ್ಯಯನದಲ್ಲಿ 25,871 ಜನ ಇದ್ದರು. ದಿನಕ್ಕೆ 1 ಗ್ರಾಂ ಒಮೆಗಾ-3 ಕೊಟ್ಟರೂ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು, ಹೃದಯದ ಸಾವು ಮೂರನ್ನೂ ಸೇರಿಸಿ ನೋಡಿದರೆ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ಸಕ್ಕರೆ ಕಾಯಿಲೆ ಇದ್ದ 15,480 ಜನರ ಮೇಲೆ ನಡೆದ ಅಸೆಂಡ್ ಅಧ್ಯಯನದಲ್ಲೂ ಅಷ್ಟೇ. ಎರಡರ ಫಲಿತಾಂಶವೂ 2018ರಲ್ಲಿ ಬಂತು.

ಅದೇ ವರ್ಷ ರೆಡ್ಯೂಸ್-ಇಟ್ ಬಂತು. 8,179 ಜನ. ಇವರು ಆಗಲೇ ಹೃದಯದ ಕಾಯಿಲೆ ಇದ್ದವರು, ಇಲ್ಲವೇ ಸಕ್ಕರೆ ಕಾಯಿಲೆಯ ಜೊತೆ ಬೇರೆ ಅಪಾಯವೂ ಇದ್ದವರು. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತಗೊಳ್ಳುತ್ತಿದ್ದರೂ ಟ್ರೈಗ್ಲಿಸರೈಡ್ ಹೆಚ್ಚಿತ್ತು. ಅವರಿಗೆ ಬರೀ ಇಪಿಎ ಇರುವ ಐಕೋಸಪೆಂಟ್ ಈಥೈಲ್ ದಿನಕ್ಕೆ 4 ಗ್ರಾಂ ಕೊಟ್ಟರು. ಹೃದಯದ ಅನಾಹುತಗಳು ಶೇಕಡಾ 25 ಕಡಿಮೆಯಾದವು. ಈ ಔಷಧ ಸಿಗದ ಗುಂಪಿನಲ್ಲಿ ಶೇಕಡಾ 22.0 ಜನರಿಗೆ ಆದದ್ದು, ಇವರಲ್ಲಿ ಶೇಕಡಾ 17.2 ಜನರಿಗೆ. ಎಲ್ಲರೂ ಹಿಗ್ಗಿದರು. ಆದರೆ ಹೋಲಿಕೆಗೆ ಇನ್ನೊಂದು ಗುಂಪಿಗೆ ಕೊಟ್ಟಿದ್ದು ಖನಿಜ ತೈಲ. ಆ ಗುಂಪಿನಲ್ಲಿ ಎಲ್‌ಡಿಎಲ್ ಏರಿತ್ತು. ಹಾಗಾಗಿ ಲಾಭ ಸ್ವಲ್ಪ ದೊಡ್ಡದಾಗಿ ಕಂಡಿರಬಹುದು ಎಂಬ ಜಗಳ ಇನ್ನೂ ಮುಗಿದಿಲ್ಲ. 2020ರಲ್ಲಿ ಸ್ಟ್ರೆಂತ್ ಅಧ್ಯಯನ ಬಂತು. 13,078 ಜನಕ್ಕೆ ಇಪಿಎ, ಡಿಎಚ್‌ಎ ಎರಡೂ ಇರುವ 4 ಗ್ರಾಂ. ಅದಕ್ಕೆ ಮೆಕ್ಕೆಜೋಳದ ಎಣ್ಣೆಯ ಹೋಲಿಕೆ. ಟ್ರೈಗ್ಲಿಸರೈಡ್ ಇಳಿಯಿತು, ಹೃದಯಕ್ಕೆ ಲಾಭ ಕಾಣಲಿಲ್ಲ, ಮಧ್ಯದಲ್ಲೇ ನಿಲ್ಲಿಸಿದರು.

ನನಗನ್ನಿಸುವುದು ಇಷ್ಟು. ಟ್ರೈಗ್ಲಿಸರೈಡ್ ಅಂಕಿ ಇಳಿಯುವುದು ಒಂದು ಮಾತು, ಹೃದಯ ಉಳಿಯುವುದು ಇನ್ನೊಂದು ಮಾತು. 2022ರ ಪ್ರಾಮಿನೆಂಟ್ ಅಧ್ಯಯನದಲ್ಲಿ ಪೆಮಾಫೈಬ್ರೇಟ್ ಎಂಬ ಬೇರೆಯೇ ಮಾತ್ರೆ ಟ್ರೈಗ್ಲಿಸರೈಡನ್ನು ಕಾಲು ಭಾಗ ಇಳಿಸಿಯೂ ಹೃದಯಕ್ಕೆ ಉಪಯೋಗವಾಗಲಿಲ್ಲ. ಯಾರಿಗಾದರೂ ವೈದ್ಯರು ಸ್ಟ್ಯಾಟಿನ್ ಕೊಟ್ಟಿದ್ದರೆ ಅದನ್ನು ಬಿಟ್ಟು ಮೀನೆಣ್ಣೆ ಹಿಡಿಯಬೇಡಿ. ನನ್ನ ಸ್ವಂತ ಚಿಕ್ಕಪ್ಪ ಹಾಗೆ ಮಾಡಿದರು. ಎಂಟು ತಿಂಗಳಲ್ಲಿ ಎಲ್‌ಡಿಎಲ್ 82ರಿಂದ 171ಕ್ಕೆ ಹೋಯಿತು. ನಮಗೆ ಗೊತ್ತಾದದ್ದು ಸ್ಟೆಂಟ್ ಹಾಕಿದ ದಿನ.

ನಡಿಗೆಪ್ರಿಯ:
ನಾನು ಬೇರೆಯವರಿಗೆ ಕಂಪನಿ ಬದಲಾಯಿಸಿ ಎಂದು ಹೇಳಿದ್ದು ತಪ್ಪಾಯಿತು. ಇಷ್ಟು ವಿವರವಾಗಿ ಬರೆದದ್ದಕ್ಕೆ ಧನ್ಯವಾದ.

ಅಪ್ಪನಮಗಳು:
ಅಪ್ಪನಿಗೆ 71. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಾರೆ. ಹಿಂದೊಮ್ಮೆ ಎದೆಬಡಿತ ಏರುಪೇರಾಗಿ ಏಟ್ರಿಯಲ್ ಫಿಬ್ರಿಲೇಶನ್ ಎಂದಿದ್ದರು. ನಾನೇ ಮೀನೆಣ್ಣೆ ತಂದುಕೊಟ್ಟಿದ್ದೇನೆ, ದಿನಕ್ಕೆ ನಾಲ್ಕು. ತಪ್ಪು ಮಾಡಿದೆನಾ?

ಔಷಧದಂಗಡಿ:
ತಪ್ಪು ಎಂದು ಕೊರಗಬೇಡಿ ತಂಗಿ, ಪ್ರೀತಿಯಿಂದ ಕೊಟ್ಟದ್ದು. ಆದರೆ ಇವತ್ತೇ ಅವರ ಹೃದಯದ ವೈದ್ಯರಿಗೆ ಫೋನ್ ಮಾಡಿ ತಿಳಿಸಿ. ದೊಡ್ಡ ಪ್ರಮಾಣದ ಒಮೆಗಾ-3 ತಗೊಂಡವರಲ್ಲಿ ಈ ಏಟ್ರಿಯಲ್ ಫಿಬ್ರಿಲೇಶನ್ ಸ್ವಲ್ಪ ಹೆಚ್ಚು ಕಂಡಿದೆ. ರೆಡ್ಯೂಸ್-ಇಟ್‌ನಲ್ಲಿ ಇದಕ್ಕಾಗಿ ಆಸ್ಪತ್ರೆ ಸೇರಿದವರು ಶೇಕಡಾ 3.1, ಇನ್ನೊಂದು ಗುಂಪಿನಲ್ಲಿ 2.1. ಸ್ಟ್ರೆಂತ್‌ನಲ್ಲೂ ಹೀಗೇ ಹೆಚ್ಚಿತ್ತು. ರಕ್ತಸ್ರಾವದ ಪ್ರವೃತ್ತಿಯೂ ತುಸು ಹೆಚ್ಚುತ್ತದೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ನಿಲ್ಲಿಸುವ ಪ್ರಶ್ನೆ ಇರುವುದು ಮೀನೆಣ್ಣೆಯದು.

ಅಪ್ಪನಮಗಳು:
ಈಗಷ್ಟೇ ಮಾತಾಡಿದೆ. ಮೀನೆಣ್ಣೆ ನಿಲ್ಲಿಸಿ, ಸೋಮವಾರ ಕರೆತನ್ನಿ ಎಂದರು. ಅಪ್ಪನ ಔಷಧಿ ಪಟ್ಟಿಯಲ್ಲಿ ಇದನ್ನು ನಾವು ಬರೆದೇ ಇರಲಿಲ್ಲ. ಪೂರಕ ತಾನೇ, ಔಷಧಿಯಲ್ಲವಲ್ಲ ಎಂದುಕೊಂಡಿದ್ದೆ.

ಹಸಿರೆಲೆ:
ನನ್ನ ತಮ್ಮ ವೈದ್ಯರು ಹೇಳಿದ್ದಕ್ಕೇ ತಗೊಳ್ಳುತ್ತಾನೆ. ಇಡೀ ದಿನ ಮೀನಿನ ತೇಗು ಬರುತ್ತದೆ ಅಂತಾನೆ. ಏನಾದರೂ ಉಪಾಯ?

ಔಷಧದಂಗಡಿ:
ಖಾಲಿ ಹೊಟ್ಟೆಯಲ್ಲಿ ಬೇಡ, ಊಟದ ಮಧ್ಯೆ ತಗೊಳ್ಳಲಿ. ಸ್ವಲ್ಪ ಕೊಬ್ಬಿರುವ ಊಟದ ಜೊತೆ ಮೈಗೂ ಚೆನ್ನಾಗಿ ಹತ್ತುತ್ತದೆ. ಒಂದು ಕ್ಯಾಪ್ಸೂಲನ್ನು ಕತ್ತರಿಸಿ ಮೂಸಿ ನೋಡಲಿ. ಮೀನಿನ ಹದವಾದ ವಾಸನೆ ಇದ್ದರೆ ಸರಿ. ಗೋಡೆಗೆ ಬಳಿಯುವ ಬಣ್ಣದ ಹಳೆಯ ಡಬ್ಬಿ ತೆರೆದ ಹಾಗೆ ಮೂಗಿಗೆ ಹೊಡೆದರೆ ಎಣ್ಣೆ ಕಮಟಿದೆ, ಎಸೆಯಲಿ.

ಮಳೆಬಿಲ್ಲು:
ವೈದ್ಯರ ಹತ್ತಿರ ಹೋಗಿ ಬಂದೆ. ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 8.2. ನನಗೆ ಸಕ್ಕರೆ ಕಾಯಿಲೆ ಇದೆ. ಯಾವಾಗ ಶುರುವಾಯಿತೋ ಗೊತ್ತಿಲ್ಲ. ಆರು ತಿಂಗಳು ನಾನು ಎಣ್ಣೆಯ ಮೇಲೆ ಭಾರ ಹಾಕಿ ಕೂತಿದ್ದೆ, ಒಳಗೆ ಇದು ನಡೆಯುತ್ತಿತ್ತು. ಅತ್ತುಬಿಟ್ಟೆ. ಸಕ್ಕರೆಗೆ ಮಾತ್ರೆ, ಜೊತೆಗೆ ಸ್ಟ್ಯಾಟಿನ್ ಕೊಟ್ಟಿದ್ದಾರೆ. ಮೀನೆಣ್ಣೆ ಸದ್ಯಕ್ಕೆ ಬೇಡ, ಮೂರು ತಿಂಗಳ ನಂತರ ನೋಡೋಣ ಎಂದರು. ಸ್ಟ್ಯಾಟಿನ್ ಮಾತ್ರ ಒಂದು ತಿಂಗಳು ಬಿಟ್ಟು ಶುರು ಮಾಡುವುದು, ಯಾವುದರಿಂದ ಏನಾಯಿತು ಎಂದು ಗೊತ್ತಾಗಲಿ ಅಂತ.

ಎರಡನೇಜನ್ಮ:
ಅಕ್ಕ, ಈಗಲಾದರೂ ಸಿಕ್ಕಿತಲ್ಲ. ಸಿಕ್ಕ ಕಾಯಿಲೆಗೆ ಮದ್ದಿದೆ.

ಮಳೆಬಿಲ್ಲು:
ಒಂದು ತಿಂಗಳಾಯಿತು. ಸ್ಟ್ಯಾಟಿನ್ ಶುರು ಮಾಡುವ ಮುಂಚಿನ ರಿಪೋರ್ಟ್ ಇದು. ಸಿಹಿ ಪಾನೀಯ ಪೂರ್ತಿ ನಿಲ್ಲಿಸಿದ್ದೇನೆ, ತೂಕ ಮೂರು ಕೆಜಿ ಇಳಿದಿದೆ. ಟ್ರೈಗ್ಲಿಸರೈಡ್ 204! ಒಟ್ಟು ಕೊಲೆಸ್ಟ್ರಾಲ್ 218, ಎಚ್‌ಡಿಎಲ್ 39. ಆದರೆ ಎಲ್‌ಡಿಎಲ್ 119 ಇದ್ದದ್ದು 138 ಆಗಿದೆ. ಇದೇನು ಒಂದು ಇಳಿದರೆ ಇನ್ನೊಂದು ಏರುವುದು?

ಲ್ಯಾಬ್‌ನವಳು:
ಅಕ್ಕ, ತುಂಬಾ ಖುಷಿಯಾಯಿತು. ಎಲ್‌ಡಿಎಲ್ ಏರಿದ್ದಕ್ಕೆ ಹೆದರಬೇಡಿ, ಕೂತು ಕಳೆಯುವ ಲೆಕ್ಕ ಮಾಡಿ. ಆಗ 231ರಿಂದ 36 ಕಳೆದು, 381ರ ಐದನೇ ಒಂದು ಭಾಗ 76 ಕಳೆದರು, 119 ಬಂತು. ಈಗ 218ರಿಂದ 39 ಕಳೆದು, 204ರ ಐದನೇ ಒಂದು ಭಾಗ 41 ಮಾತ್ರ ಕಳೆದರು, 138 ಬಂತು. ಟ್ರೈಗ್ಲಿಸರೈಡ್ ಜಾಸ್ತಿ ಇದ್ದಾಗ ಈ ಸೂತ್ರ ಎಲ್‌ಡಿಎಲ್‌ಅನ್ನು ಕಡಿಮೆ ತೋರಿಸುತ್ತದೆ. ಇನ್ನು ಟ್ರೈಗ್ಲಿಸರೈಡ್ ಕಣಗಳು ಖಾಲಿಯಾಗುತ್ತಾ ಸ್ವಲ್ಪ ಭಾಗ ನಿಜವಾಗಿಯೂ ಎಲ್‌ಡಿಎಲ್ ಆಗುತ್ತವೆ. ಡಿಎಚ್‌ಎ ಇರುವ ಒಮೆಗಾ-3 ತಗೊಂಡವರಲ್ಲೂ ಹೀಗೆ ಎಲ್‌ಡಿಎಲ್ ಏರುವುದುಂಟು.

ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಒಂದನ್ನೇ ಕಳೆದು ನೋಡಿ. ಅದನ್ನು ನಾನ್-ಎಚ್‌ಡಿಎಲ್ ಅನ್ನುತ್ತೇವೆ, ಕೆಟ್ಟದ್ದೆಲ್ಲ ಅದರೊಳಗೇ ಬಂತು. ಆಗ 195. ಈಗ 179. ಇಳಿದಿದೆ ತಾನೇ? ಉಳಿದದ್ದಕ್ಕೆ ಸ್ಟ್ಯಾಟಿನ್ ಇದೆ. ವೈದ್ಯರು ಹೇಳಿದ ಹಾಗೆ ಶುರು ಮಾಡಿ.

ಮಳೆಬಿಲ್ಲು:
ಪೆನ್ನು ಹಿಡಿದು ನಾನೇ ಕಳೆದು ನೋಡಿದೆ. ಈಗ ಅರ್ಥವಾಯಿತು. ಇವತ್ತು ರಾತ್ರಿಯಿಂದ ಸ್ಟ್ಯಾಟಿನ್.

ಸಾಲುದೀಪ:
ನಾನೂ ಹೇಳಿಬಿಡುತ್ತೇನೆ. ಅವತ್ತು ಹೋದಾಗಲೇ ಟ್ರೈಗ್ಲಿಸರೈಡ್ ಇಳಿಸುವ ಫೆನೋಫೈಬ್ರೇಟ್ ಮಾತ್ರೆಯ ಜೊತೆ ಚೀಟಿ ಮೇಲಿನ ಒಮೆಗಾ-3 ನಾಲ್ಕು ಗ್ರಾಂ ಬರೆದುಕೊಟ್ಟರು. ಕೊಬ್ಬು ತೀರಾ ಕಡಿಮೆ ಊಟ. ಕುಡಿತ ಒಂದು ಹನಿಯೂ ಇಲ್ಲ, ಇವತ್ತಿಗೆ 47 ದಿನ. ನಮ್ಮ ಮನೆಯವರದ್ದೂ ಪರೀಕ್ಷೆ ಮಾಡಿಸಿದೆವು, ತಮ್ಮನಿಗೆ 690 ಬಂದಿದೆ, ಅವನೂ ಈಗ ಚಿಕಿತ್ಸೆಯಲ್ಲಿದ್ದಾನೆ. ಇವತ್ತು ನನ್ನ ರಿಪೋರ್ಟ್ ಬಂತು. ಟ್ರೈಗ್ಲಿಸರೈಡ್ 318. ಎಲ್‌ಡಿಎಲ್ ಜಾಗದಲ್ಲಿ ಗೆರೆ ಇಲ್ಲ, ಅಂಕಿ ಇದೆ.